ಒಳಗೆ ಬಿಟ್ಟ ಬಟ್ಟೆ

ಬಲಗೈ ಅಂಗಿಯ ತೋಳಿನೊಳಗೆ ಹೋಗಲೊಲ್ಲದು. ಮಗಳು ಮೊದಲು ಮೆಲ್ಲಗೆ ತೂರಿಸಿ ನೋಡಿದಳು. ಆಮೇಲೆ ಮೊಣಕೈ ಹಿಡಿದು ಒತ್ತಿದಳು. ನಿನ್ನೆ ಸಂಜೆ ಸತ್ತ ಅಪ್ಪ ಇವತ್ತೂ ಹಟ ಬಿಟ್ಟಿರಲಿಲ್ಲ.

"ಜೋರು ಮಾಡ್ಬೇಡ ಕಣಮ್ಮ," ಎಂದರು ಮಂಚದ ಆ ಬದಿಗೆ ನಿಂತಿದ್ದ ಟೀಚರಮ್ಮ. "ತೋಳಿನೊಳಗಿಂದ ಕೈ ಹಾಕಿ, ಬೆರಳು ಹಿಡ್ಕೊಂಡು ಎಳಿ. ಒಂದನೇ ಕ್ಲಾಸಿನ ಮಕ್ಕಳಿಗೆ ನಾನು ಹಾಗೇ ಸ್ವೆಟರ್ ಹಾಕ್ತಿದ್ದೆ." ಮೂವತ್ತು ವರ್ಷ ಪಾಠ ಹೇಳಿದ ಅವರು ಐದು ವರ್ಷದಿಂದ ಈ ವೃದ್ಧಾಶ್ರಮದಲ್ಲಿದ್ದರು.

ಮಗಳು ಹಾಗೇ ಮಾಡಿದಳು. ಅಂಗಿ ರೆಡಿಮೇಡ್, ಮ್ಯಾನೇಜರ್ ಬೆಳಿಗ್ಗೆ ತರಿಸಿದ್ದು, ಕಾಲರಿನೊಳಗೆ ರಟ್ಟು ಇನ್ನೂ ಹಾಗೇ ಇತ್ತು. ನಲವತ್ತೈದು ವರ್ಷ ಊರಿನವರಿಗೆಲ್ಲ ಬಟ್ಟೆ ಹೊಲಿದ ಅಪ್ಪ ಹುಟ್ಟಿದಂದಿನಿಂದ ಅಂಥದ್ದೊಂದನ್ನು ಮೈಗೆ ಸೋಕಿಸಿದವನಲ್ಲ.

ಎಳೆದ ಭರಕ್ಕೆ ತೋಳು ಮೇಲೆ ಸರಿದು ಮುಂಗೈ ಕಂಡಿತು. ಮಣಿಕಟ್ಟಿನ ಮೇಲೆ ನಾಲ್ಕು ನೀಲಿ ಗುರುತು, ಒಳಬದಿಗೆ ಇನ್ನೊಂದು. ನಾಲ್ಕು ಬೆರಳು, ಒಂದು ಹೆಬ್ಬೆರಳು. ಅದೇನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಚಿಕ್ಕವಳಿದ್ದಾಗ ಅವಳ ಕೈಮೇಲೂ ಇರುತ್ತಿದ್ದವು. ಹಾಕುತ್ತಿದ್ದವನು ಇಲ್ಲೇ ಮಲಗಿದ್ದ.

ಟೀಚರಮ್ಮ ಅವಳ ಮುಖವನ್ನೇ ನೋಡುತ್ತಿದ್ದರು.

ಮಗಳು ತೋಳನ್ನು ಕೆಳಗೆಳೆದು ಕಫ್ಫಿನ ಗುಂಡಿ ಹಾಕಿದಳು.

*

ಅವಳಿಗೆ ಆಗ ಹದಿಮೂರು ವರ್ಷ. ಯಾರದೋ ಮದುವೆ ಕೋಟಿನ ಬಟ್ಟೆಯನ್ನು ಗುರುತಿನ ಗೆರೆಯ ಮೇಲೇ ಕತ್ತರಿಸಿದ್ದಳು. ಒಳಹೊಲಿಗೆಗೆಂದು ಅರ್ಧ ಇಂಚೂ ಬಿಟ್ಟಿರಲಿಲ್ಲ. ಅಪ್ಪ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಬಟ್ಟೆ ಅಳೆಯುವ ಗಜಕೋಲು ತೆಗೆದುಕೊಂಡ.

"ಒಳಗೆ ಬಟ್ಟೆ ಬಿಡು ಅಂತ ಎಷ್ಟು ಸಲ ಬಡ್ಕೊಂಡೆ? ಮನುಷ್ಯ ದಪ್ಪ ಆಗ್ತಾನೆ, ಸಣ್ಣ ಆಗ್ತಾನೆ. ಬಿಚ್ಚೋಕೆ ಜಾಗ ಬೇಡ್ವಾ?" ಒಂದೊಂದು ಮಾತಿಗೂ ಒಂದೊಂದು ಏಟು. ನಾಲ್ಕನೆಯದಕ್ಕೆ ಅವಳು ಕೈ ಅಡ್ಡ ಹಿಡಿದಳು. ಕಿರುಬೆರಳು ಕಡ್ಡಿ ಮುರಿದ ಹಾಗೆ ಸದ್ದು ಮಾಡಿತು.

ಅಮ್ಮನೂ ಸುಮ್ಮನಿರುವ ಪೈಕಿಯಲ್ಲ. ಒಳಗಿಂದ ಬಂದವಳೇ ಮೇಜಿನ ಮೇಲೆ ಕಾದಿದ್ದ ಇಸ್ತ್ರಿಪೆಟ್ಟಿಗೆ ಎತ್ತಿ ಅವನ ಮುಂಗೈಗೆ ಒತ್ತಿದಳು. ಸುಟ್ಟ ವಾಸನೆ ಅಂಗಡಿಯಲ್ಲಿ ಎರಡು ದಿನ ಇತ್ತು. ಅಂದಿನಿಂದ ಅಪ್ಪ ತನಗೆ ತುಂಬುತೋಳಿನ ಅಂಗಿಯನ್ನೇ ಹೊಲಿದುಕೊಂಡ. "ಫ್ಯಾಷನ್ನು" ಎನ್ನುತ್ತಿದ್ದ ಗಿರಾಕಿಗಳಿಗೆ.

ಆ ರಾತ್ರಿ ಮಗಳ ಬೆರಳಿಗೆ ರಟ್ಟು ಕೊಟ್ಟು, ಅಸ್ತರಿನ ಬಟ್ಟೆ ಸುತ್ತಿ, ಅಂಚು ಮಡಿಸಿ ಹೊಲಿದವನೂ ಅವನೇ. ಬೆರಳು ಮಾತ್ರ ಸೊಟ್ಟಗೇ ಕೂಡಿಕೊಂಡಿತು.

*

"ಎಲ್ಲಾ ಮುಗೀತಾಮ್ಮ?" ಮ್ಯಾನೇಜರ್ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಕೇಳಿದ. ಅವನ ಹಿಂದೆ ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಹೆಂಗಸೊಬ್ಬಳು. "ಇವರು ತಪಾಸಣೆ ಮೇಡಂ. ವರ್ಷಕ್ಕೊಂದು ಸಲ ಬಂದು ನಮ್ಮ ಆಶ್ರಮಕ್ಕೆ ಅಂಕ ಕೊಡ್ತಾರೆ. ಒಂದು ತಿಂಗಳ ಹಿಂದೆಯೇ ಇವತ್ತು ಅಂತ ಗೊತ್ತಾಗಿತ್ತು. ತಾತ ಹೀಗೆ ಬಚ್ಚಲಲ್ಲಿ ಜಾರಿ ಬೀಳ್ತಾರೆ ಅಂತ ಯಾರು ಕಂಡಿದ್ರು?"

ಅಪ್ಪನನ್ನು ಮಂಚದ ಸಮೇತ ಹಜಾರಕ್ಕೆ ತಂದರು. ಅಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಹದಿನೆಂಟು ಮುದುಕ ಮುದುಕಿಯರು ತೊಳೆದ ಬಟ್ಟೆ ಹಾಕಿಕೊಂಡು, ತಲೆ ಬಾಚಿಸಿಕೊಂಡು, ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದರು. ಫೋಟೊ ತೆಗೆಯುವವನನ್ನು ಕಾಯುವ ಹಾಗೆ. ಹೆಣ ಒಯ್ಯುವ ಗಾಡಿ ಹೊರಗೆ ನಿಂತಿತ್ತು.

ಮ್ಯಾನೇಜರ್ ಒಂದು ಕಾಗದವನ್ನೂ ಅಪ್ಪನ ಕೈಚೀಲವನ್ನೂ ಅವಳ ಕೈಗಿಟ್ಟ. ಚೀಲದಿಂದ ಗಜಕೋಲು ಮೇಲೆ ಇಣುಕುತ್ತಿತ್ತು. ಕೊನೆಗಾಲಕ್ಕೆ ಅಪ್ಪನಿಗೆ ಅದೇ ಊರುಗೋಲಾಗಿತ್ತು.

"ಇದು ಮನೆಯವರ ಅಭಿಪ್ರಾಯದ ಫಾರಂ. ನೂರಕ್ಕೆ ಇಪ್ಪತ್ತು ಅಂಕ ಇದರದ್ದೇ. ಹೋದ ವರ್ಷ ನೀವು ಫೋನಲ್ಲೇ ಹೇಳಿಬಿಟ್ರಿ, 'ತುಂಬಾ ಚೆನ್ನಾಗಿದೆ' ಅಂತ. ಅದನ್ನೇ ಇಲ್ಲಿ ಬರೆದು ಸಹಿ ಹಾಕಿದ್ರೆ ಗಾಡಿ ಹೊರಡುತ್ತೆ."

"ಅವಸರ ಇಲ್ಲ," ಎಂದಳು ತಪಾಸಣೆಯವಳು. "ನಿಮ್ಮ ತಂದೆಯವರ ಕೆಲಸ ಮೊದಲಾಗಲಿ." ತನಗೆಂದು ತಂದಿಟ್ಟಿದ್ದ ಕುರ್ಚಿಯನ್ನು ಮಗಳ ಕಡೆಗೆ ತಳ್ಳಿದಳು.

ಮಗಳು ಕೂತಳು. ಫಾರಮಿನಲ್ಲಿ ಐದು ಪ್ರಶ್ನೆ. ಊಟ ಹೇಗಿದೆ, ಸ್ವಚ್ಛತೆ ಹೇಗಿದೆ, ಸಿಬ್ಬಂದಿ ಹೇಗೆ ನಡೆದುಕೊಳ್ಳುತ್ತಾರೆ. ಹೋದ ವರ್ಷ ಇದಕ್ಕೆ ಉತ್ತರಿಸುವಾಗ ಅವಳು ಒಲೆಯ ಮುಂದಿದ್ದಳು. ಫೋನನ್ನು ಹೆಗಲಿಗೆ ಆನಿಸಿಕೊಂಡೇ ಮುಗಿಸಿದ್ದಳು.

*

ಮೂರು ತಿಂಗಳ ಹಿಂದೆ ಅಪ್ಪ ತಾನೇ ಫೋನು ಮಾಡಿದ್ದ. ಹಾಗೆ ಮಾಡುವವನಲ್ಲ.

"ಇಲ್ಲಿ ಹೊಡೀತಾರೆ ಮಗಾ."

ಅವಳಿಗೆ ನಗು ಬಂದಂತಾಯಿತು. ಆಮೇಲೆ ಮೈ ಬಿಸಿಯಾಯಿತು. "ಹೊಡೆದ್ರೆ ಹೇಗಿರುತ್ತೆ ಅಂತ ಈಗ ಗೊತ್ತಾಯ್ತಾ?"



"ಗೊತ್ತಾಯ್ತು," ಎಂದ. ಆಮೇಲೆ, "ಆ ಕಿರುಬೆರಳು ಚಳಿಗೆ ಇನ್ನೂ ನೋಯುತ್ತಾ?"

ಅವಳು ಫೋನು ಇಟ್ಟುಬಿಟ್ಟಳು.

*

ಅವಳು ಪೆನ್ನಿನ ಮುಚ್ಚಳ ತೆಗೆದಳು. ಸಿಬ್ಬಂದಿಯ ನಡವಳಿಕೆ ಎಂಬ ಸಾಲಿನ ಮೇಲೆ ಪೆನ್ನು ನಿಂತಿತು.

ಆಗ ಕುರ್ಚಿಗಳ ಸಾಲಿನಿಂದ ಒಬ್ಬ ಮುದುಕ ಎದ್ದು ಬಂದ. ಎಲ್ಲರೂ ಅವನನ್ನು ಪೋಸ್ಟ್‌ಮ್ಯಾನ್ ಎಂದೇ ಕರೆಯುತ್ತಿದ್ದರು. ಕಂಕುಳಲ್ಲಿ ತನ್ನ ತಲೆದಿಂಬು.

"ಗಾಡಿಯಲ್ಲಿ ತಲೆ ಕುಟ್ಟುತ್ತೆ," ಎನ್ನುತ್ತ ಅದನ್ನು ಹೆಣದ ತಲೆಯ ಕೆಳಗೆ ತುರುಕಿದ. "ತಾತನಿಗೆ ಮೊದಲೇ ಕೋಪ ಜಾಸ್ತಿ."

ಅವನು ಬಗ್ಗಿದಾಗ ಅಂಗಿ ಮೇಲೆದ್ದು ಪಕ್ಕದ ಹೊಲಿಗೆಯ ಒಳಮೈ ಹೊರಳಿತು. ಮಗಳ ಕೈ ತಾನಾಗಿ ಅದನ್ನು ಹಿಡಿಯಿತು. ಅವಳೂ ಹೊಲಿಗೆಯವಳೇ, ಜೋತುಬಿದ್ದ ಅಂಚು ಕಂಡರೆ ಸುಮ್ಮನಿರಲಾರಳು. ಕೈಹೊಲಿಗೆ. ಎಡಕ್ಕೆ ಒಂದಿಷ್ಟು ವಾಲಿದ, ಅಕ್ಕಿಕಾಳಿನಷ್ಟು ಸಣ್ಣ ಸಣ್ಣ ಹೊಲಿಗೆ. ಅಪ್ಪನದು. ಒಂದಲ್ಲ, ನಾಲ್ಕು ಸಾಲು. ಒಂದರ ಒಳಗೊಂದು. ಹೊರಗಿನದು ನೀಲಿ ದಾರ, ಆಮೇಲೆ ಕೆಂಪು, ಹಳದಿ, ಕೊನೆಗೆ ಬೂದು. ಅಂಗಿಯನ್ನು ನಾಲ್ಕು ಸಲ ಒಳಕ್ಕೆ ಹಿಡಿದಿದ್ದ. ಒಂದು ಚೂರು ಬಟ್ಟೆಯನ್ನೂ ಕತ್ತರಿಸಿರಲಿಲ್ಲ.

"ಇಷ್ಟೊಂದು ಬಣ್ಣ ಯಾಕೆ?"

"ನೂಲಿನುಂಡೆ, ಕತ್ತರಿ ಎಲ್ಲಾ ಕಿತ್ಕೊಂಡ್ರಲ್ಲ, ಅಪಾಯ ಅಂತ," ಎಂದ ಪೋಸ್ಟ್‌ಮ್ಯಾನ್. "ಸೂಜಿ ಟೀಚರಮ್ಮನ ಜಡೆಯಲ್ಲಿತ್ತು. ದಾರ ಅವರ ಶಾಲಿನದ್ದು, ಕಿಟಕಿ ಪರದೆಯದ್ದು, ಯಾವ ತಿಂಗಳು ಏನು ಸಿಗ್ತೋ ಅದು. ಹಲ್ಲಿರೋದು ನನಗೊಬ್ಬನಿಗೇ. ಹಾಗಾಗಿ ನಾನೇ ಕತ್ತರಿ."

"ಒಳಗೆ ಬಟ್ಟೆ ಬಿಟ್ಟಿದ್ದಾನೆ."

"ಬಿಡ್ತಿದ್ದ. 'ನೀನು ಮತ್ತೆ ತುಂಬ್ಕೋತೀಯ, ಆವಾಗ ಬಿಚ್ಚೋಣ' ಅಂತಿದ್ದ. ಎಲ್ಲರಿಗೂ ಹಾಗೇ ಅಂತಿದ್ದ."

"ಸಾಕು, ಸಾಕು. ಜಾಗಕ್ಕೆ ಹೋಗಿ ಕೂತ್ಕೊ." ಎಲ್ಲರೂ ಪೈಲ್ವಾನ ಎನ್ನುವ ಆಶ್ರಮದ ಆಳು ಬಂದ. ಮುದುಕರನ್ನು ಎಬ್ಬಿಸಿ, ಮೀಯಿಸಿ, ಉಣ್ಣಿಸುವುದು ಅವನ ಕೆಲಸ. ಕುತ್ತಿಗೆ ಮರದ ಬೊಡ್ಡೆಯಷ್ಟಿತ್ತು. ಮೇಡಂ ಇದ್ದಾಳೆಂದು ಮುಖದಲ್ಲಿ ನಗು ಇಟ್ಟುಕೊಂಡೇ ಪೋಸ್ಟ್‌ಮ್ಯಾನನ ಮುಂಗೈ ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ. ಮುದುಕ ಕೂಗಲಿಲ್ಲ. ಬಾಯಿ ಮಾತ್ರ ತೆರೆಯಿತು. ಅವನಿಗದು ರೂಢಿಯಾಗಿದ್ದಂತಿತ್ತು.

ಮಗಳು ಆ ಕೈಯನ್ನು ನೋಡಿದಳು. ನಾಲ್ಕು ಬೆರಳು, ಒಂದು ಹೆಬ್ಬೆರಳು.

ಗಜಕೋಲು ಅವಳ ಕೈಗೆ ಬಂದದ್ದು ಹೇಗೋ ಅವಳಿಗೇ ತಿಳಿಯಲಿಲ್ಲ. ಮೊದಲ ಏಟು ಪೈಲ್ವಾನನ ಮಣಿಕಟ್ಟಿಗೆ ಬಿತ್ತು. ಎರಡನೆಯದು ಮೊಣಕೈ ಗಂಟಿಗೆ. ಅವನು ಅಯ್ಯೋ ಎಂದು ಬಿಟ್ಟು, ಕುರ್ಚಿ ಬೀಳಿಸಿಕೊಂಡು ಹಿಂದೆ ಸರಿದ. ಮೂರನೆಯದು ಕಿವಿಗೆ ಬಿದ್ದು ರಕ್ತ ಬಂತು. ಹೆಜ್ಜೆ ಮುಂದಿಟ್ಟು, ಭುಜ ಎತ್ತಿ, ಉಸಿರು ಬಿಗಿಹಿಡಿದು ಹೊಡೆಯುವ ಆ ಬಗೆಯನ್ನು ಅವಳು ಯಾರಿಂದಲೂ ಕಲಿತಿರಲಿಲ್ಲ. ತಿಂದದ್ದಷ್ಟೇ. ನಾಲ್ಕನೆಯ ಏಟಿಗೆ ಪೈಲ್ವಾನ ಮುಖಕ್ಕೆ ಕೈ ಅಡ್ಡ ಹಿಡಿದ, ಬೆರಳುಗಳು ಅಗಲವಾಗಿ ಹರಡಿದ್ದವು. ಅದನ್ನು ಕಂಡು ಅವಳ ತೋಳು ಮೇಲೆಯೇ ನಿಂತುಬಿಟ್ಟಿತು.

"ಇಳಿಸು ಕಣಮ್ಮ," ಎಂದರು ಟೀಚರಮ್ಮ. "ಇಳಿಸು. ಸಾಕು."

ಮ್ಯಾನೇಜರ್ ಕೂಗಾಡುತ್ತಿದ್ದ. "ಇವಳ ಮೇಲೆ ಕೇಸು ಹಾಕ್ತೀನಿ. ನೋಡಿದ್ರಲ್ಲ ಮೇಡಂ? ಅಪ್ಪನ ಥರಾನೇ ರೌಡಿ."

"ನೋಡ್ದೆ," ಎಂದಳು ತಪಾಸಣೆಯವಳು. "ಅದಕ್ಕೆ ಮುಂಚಿನದ್ದೂ ನೋಡ್ದೆ." ಟೀಚರಮ್ಮನ ಕಡೆ ತಿರುಗಿದಳು. "ತಾತ ಬಿದ್ದದ್ದು ಹೇಗೆ?"

ಟೀಚರಮ್ಮ ಪೈಲ್ವಾನನನ್ನು ನೋಡಿದರು. ಬಾಗಿಲನ್ನು ನೋಡಿದರು. "ನೀವಿಬ್ರೂ ಸಂಜೆ ಹೊರಟುಹೋಗ್ತೀರ. ನಾವು ಇಲ್ಲೇ ಇರಬೇಕಲ್ಲ."

"ನಾನು ಹೋಗಲ್ಲ," ಎಂದಳು ತಪಾಸಣೆಯವಳು. "ಈ ಹಜಾರದಲ್ಲೇ ಕೂತಿರ್ತೀನಿ, ಪೊಲೀಸರು ಬರೋವರೆಗೂ, ಬಂದ ಮೇಲೂ."

ಟೀಚರಮ್ಮ ಕಣ್ಣು ಮುಚ್ಚಿಕೊಂಡು, ಪಾಠ ಒಪ್ಪಿಸುವವರ ಹಾಗೆ ಹೇಳಿದರು. "ಪೋಸ್ಟ್‌ಮ್ಯಾನ್ ಇನ್ನೊಂದು ಸೌಟು ಅನ್ನ ಕೇಳಿದ. ಇವನು ತಟ್ಟೆ ಕಿತ್ಕೊಂಡು ಅದರಲ್ಲೇ ಮುಖಕ್ಕೆ ಹೊಡೆದ. ಟೇಲರ್ ತಾತ ಎದ್ದು ಈ ಕೋಲಲ್ಲಿ ಇವನಿಗೆ ಬಾರಿಸಿದ. ಇವನು ತಾತನ ಕೈ ಹಿಡಿದು ತಿರುಗಿಸಿ ಎಸೆದ. ಕೈತೊಳೆಯೋ ಕಟ್ಟೆಗೆ ತಲೆ ಬಡೀತು. ಬಚ್ಚಲಿಗೆ ಆಮೇಲೆ ಎತ್ಕೊಂಡು ಹೋಗಿ ಮಲಗಿಸಿದ್ರು."

"ಸುಳ್ಳು," ಎಂದ ಮ್ಯಾನೇಜರ್. "ಮರೆಗುಳಿ ಮುದುಕಿ. ಊಟ ಇಲ್ಲಿ ಕಡಿಮೆಯೇ ಮಾಡಲ್ಲ. ತೂಕದ ಪುಸ್ತಕ ನೋಡಿ."

"ಬೆಳಿಗ್ಗೆಯೇ ನೋಡಿದ್ದೀನಿ. ಹನ್ನೆರಡು ತಿಂಗಳಿಂದ ಒಬ್ಬರ ತೂಕವೂ ಒಂದು ಕೇಜಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೋದ ವರ್ಷ ಇದೇ ಪುಸ್ತಕ ನೋಡಿ ನಾನೇ ತೊಂಬತ್ತೆರಡು ಅಂಕ ಕೊಟ್ಟು ಹೋಗಿದ್ದೆ." ಅವಳು ಪೋಸ್ಟ್‌ಮ್ಯಾನನ ಹತ್ತಿರ ಬಂದು, ಅನುಮತಿ ಕೇಳುವಂತೆ ಅವನ ಮುಖ ನೋಡಿ, ಅಂಗಿಯ ಪಕ್ಕ ಹೊರಳಿಸಿದಳು. "ಇದನ್ನ ಹೇಗೆ ಓದೋದು?"

ಮಗಳು ಚೀಲದಿಂದ ಅಪ್ಪನ ಟೇಪು ತೆಗೆದಳು. ಸಾಲುಗಳ ಮೇಲಿಟ್ಟು ಅಳೆದಳು. "ಒಂದೊಂದು ಸಾಲಿಗೆ ಒಂದು ಪಕ್ಕದಲ್ಲಿ ಮುಕ್ಕಾಲು ಇಂಚು ಸುತ್ತಳತೆ ಕಮ್ಮಿ. ಎರಡೂ ಪಕ್ಕಕ್ಕೆ ಒಟ್ಟು ಆರು ಇಂಚು ಇಳಿದಿದ್ದಾರೆ. ನೀಲಿ ಯಾವಾಗ?"

"ನೀಲಿ ನನ್ನ ಶಾಲು," ಎಂದರು ಟೀಚರಮ್ಮ. "ಹೋದ ವರ್ಷ, ಇವರು ಬಂದು ಹೋದ ಮಾರನೇ ತಿಂಗಳು."

ಕುರ್ಚಿಗಳ ಸಾಲಿನಲ್ಲಿ ಯಾರೋ ಎದ್ದ ಸದ್ದಾಯಿತು. ಕೋಲೂರಿಕೊಂಡು ಬಂದ ಮುದುಕಿಯೊಬ್ಬಳು ತನ್ನ ರವಿಕೆಯ ತೋಳನ್ನು ಒಳಮೈ ಹೊರಗಾಗಿ ಮಡಿಸಿ ಹಿಡಿದಳು. ಮೂರು ಸಾಲು. ಅವಳ ಹಿಂದೆ ಇನ್ನೊಬ್ಬ, ಪೈಜಾಮದ ನಡುಪಟ್ಟಿ ಹೊರಳಿಸಿಕೊಂಡು. ಐದು ಸಾಲು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು, ಅಂಗಡಿಯಲ್ಲಿ ಅಳತೆ ಕೊಡಲು ನಿಲ್ಲುವಂತೆ, ಸಾಲಾಗಿ ನಿಂತರು. ಹಜಾರದ ತುಂಬ ನೀಲಿ, ಕೆಂಪು, ಹಳದಿ, ಬೂದು.

ಹೊರಗೆ ಗಾಡಿಯವನು ಹಾರನ್ ಒತ್ತಿದ. "ಹೊರಡೋಣ್ವಾ?"

"ಇವತ್ತು ಕಳಿಸೋ ಹಾಗಿಲ್ಲ," ಎಂದು ತಪಾಸಣೆಯವಳು ಪೊಲೀಸರಿಗೆ ಫೋನು ಹಚ್ಚಿದಳು. ಆಮೇಲೆ ಮಗಳತ್ತ ನೋಡಿ ಕೇಳಿದಳು. "ಅವರ ಮೈಮೇಲೆ ಏನಾದ್ರೂ ಗುರುತು ಇತ್ತಾ? ಬಟ್ಟೆ ಹಾಕಿಸಿದ್ದು ನೀವಲ್ವಾ?"

ಟೀಚರಮ್ಮ ಬಿದ್ದಿದ್ದ ಫಾರಂ ಎತ್ತಿ ಮಂಚದ ತುದಿಗಿಟ್ಟರು.

ಮಗಳು ಅಪ್ಪನ ಪಕ್ಕದಲ್ಲಿ ಮಂಡಿಯೂರಿದಳು. ತಾನೇ ಹಾಕಿದ್ದ ಕಫ್ಫಿನ ಗುಂಡಿ ತೆಗೆದು, ಅಂಗಡಿ ಅಂಗಿಯ ತೋಳನ್ನು ಮಡಿಕೆಯ ಮೇಲೆ ಮಡಿಕೆ ಹಾಕಿ ಮೊಣಕೈವರೆಗೆ ಏರಿಸಿದಳು. ನಾಲ್ಕು ನೀಲಿ ಬೆರಳುಗಳ ಮೇಲ್ಗಡೆ, ಇಸ್ತ್ರಿಪೆಟ್ಟಿಗೆಯ ತ್ರಿಕೋನದ ಹಳೇ ಕಲೆ ನುಣ್ಣಗೆ ಹೊಳೆಯುತ್ತಿತ್ತು. ತೋಳು ಜಾರದಂತೆ, ಎಲ್ಲರಿಗೂ ಕಾಣುವಂತೆ, ಅವಳು ಅದನ್ನು ತನ್ನ ಸೊಟ್ಟ ಕಿರುಬೆರಳಿನಿಂದ ಒತ್ತಿ ಹಿಡಿದಳು.