ಹೆಂಡತಿಗೆ ಸಿಟ್ಟು ಬರಿಸುವ ಕೆಲಸ

ಬಟ್ಟೆಯ ಕತ್ತರಿಯಿಂದ ಸ್ಯಾಂಡ್‌ಪೇಪರ್ ಕತ್ತರಿಸಿದರೆ ಸಾಕೇ, ಅಥವಾ ತಗಡನ್ನೇ ಕತ್ತರಿಸಬೇಕೇ?

ಹೊಲಿಗೆ ಯಂತ್ರ ರಿಪೇರಿ ಮಾಡುವವನು ಕತ್ತರಿ ಹಿಡಿದು ನಿಂತೇ ಇದ್ದ. ಹೆಂಡತಿ ದರ್ಜಿ, ಆ ಕತ್ತರಿಗೆ ಬರೀ ಕಾಗದ ತಾಗಿಸಿದವರನ್ನೂ ಕ್ಷಮಿಸಿದವಳಲ್ಲ. ಈ ವಾರ ಅವನು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದಿದ್ದ, ಬೇಕೆಂದೇ ಹಾಲು ಉಕ್ಕಿಸಿದ್ದ, ಅವಳ ಅಣ್ಣನನ್ನು ಜಿಪುಣಾಗ್ರೇಸರ ಎಂದಿದ್ದ. ಎಲ್ಲಕ್ಕೂ ಅವಳದು ಒಂದೇ ಮಾತು: "ಹೋಗ್ಲಿ ಬಿಡಿ." ಈ ತಾಳ್ಮೆಯೇ ಅವಳ ಜೀವ ತೆಗೆಯುತ್ತದೆ ಎಂದು ಅವನಿಗೆ ಖಾತ್ರಿಯಾಗಿತ್ತು.

ಮಗುವಾಗಬೇಕಿದ್ದದ್ದು ಗರ್ಭದಲ್ಲಿ ಗಡ್ಡೆಯಾಗಿ, ಕ್ಯಾನ್ಸರಿಗೆ ತಿರುಗಿತ್ತು. ಎರಡು ಬಗೆಯ ಔಷಧಿ ಸೋತಿದ್ದವು. ಅವಳು ರಕ್ತಪರೀಕ್ಷೆಗೆ ಹೋಗಿದ್ದಾಗ ಡಾಕ್ಟರಮ್ಮ ಅವನಿಗೆ ಬಿಡಿಸಿ ಹೇಳಿದ್ದರು: "ಈ ಗಡ್ಡೇಲಿರೋ ಜೀನುಗಳು ನಿಮ್ಮವು. ಬಸುರಿ ಮೈ ಗಂಡನ ಅಂಶವನ್ನ ಸಹಿಸ್ಕೊಳ್ಳತ್ತೆ, ಇಲ್ಲಾಂದ್ರೆ ಮಗು ನಿಲ್ಲೋದೇ ಇಲ್ಲ. ಗಡ್ಡೆ ಅದೇ ಮರೇಲಿ ಕೂತಿದೆ. ಹೊಸ ಔಷಧಿ ಅವರ ರೋಗನಿರೋಧಕ ಶಕ್ತಿಯನ್ನ ಎಬ್ಬಿಸತ್ತೆ. ಇದು ಹೊರಗಿನದು ಅಂತ ಅದು ಗುರುತು ಹಿಡಿದ್ರೆ ಗೆದ್ದ ಹಾಗೆ."

ಯಂತ್ರದ ಮೇಲಿನ ತಿರುಪು ಬಿಗಿ ಮಾಡಿದರೆ ಕೆಳಗಿನ ದಾರ ಮೇಲೇಳುವುದನ್ನು ದಿನವೂ ಕಾಣುವವನು ಅವನು. ಅವಳ ಮನಸ್ಸು ತನ್ನ ಮೇಲೆ ಮುನಿದರೆ, ಮೈಯೂ ತನ್ನ ಅಂಶದ ಮೇಲೆ ಮುನಿಯಬೇಡವೇ?

ಸ್ಯಾಂಡ್‌ಪೇಪರ್ ಕತ್ತರಿಸಿಯೇಬಿಟ್ಟ. ಕರಕರ ಸದ್ದಿಗೆ ಅವಳು ಓಡಿ ಬಂದಳು.

"ತಲೆ ಕೆಟ್ಟಿದೆಯೇನ್ರೀ ನಿಮಗೆ!"

"ಒಂದು ಕತ್ರಿ ತಾನೆ?"

"ಒಂದು ಕತ್ರೀನಾ? ನಿಮ್ಮನ್ನ ಕಟ್ಕೊಂಡೆನಲ್ಲ, ನನ್ನ ಬುದ್ಧಿಗೆ ಹೇಳ್ಬೇಕು!"

"ಹಾಂ, ಹಂಗೆ! ಇನ್ನೂ ಸ್ವಲ್ಪ ಜೋರಾಗಿ."

ಅವಳು ಕತ್ತರಿ ಕಿತ್ತುಕೊಂಡು ದುರುಗುಟ್ಟಿ ನೋಡಿದಳು. "ಏನಂದ್ರಿ?"

ಬಾಯಿ ಬಿಡಲೇಬೇಕಾಯಿತು. ಡಾಕ್ಟರಮ್ಮನ ಮಾತು, ತನ್ನ ಲೆಕ್ಕಾಚಾರ ಎಲ್ಲ ಹೇಳಿದ. ಅವಳು ನಕ್ಕೂ ನಕ್ಕೂ ನೆಲದ ಮೇಲೆ ಕುಸಿದು ಕುಳಿತಳು.

"ಸಿಟ್ಟಿಂದ ಕಾಯಿಲೆ ವಾಸಿಯಾಗೋ ಹಾಗಿದ್ರೆ, ನಿಮ್ಮಮ್ಮನ ಜೊತೆ ಹತ್ತು ವರ್ಷ ಬಾಳಿದವಳಿಗೆ ನೆಗಡೀನೂ ಬರ್ತಿರಲಿಲ್ಲ!"

ಹೊಸ ಔಷಧಿ ಶುರುವಾಗಿ ಮೂರು ವಾರಗಳ ನಂತರ ರಕ್ತದಲ್ಲಿ ಗಡ್ಡೆಯ ಹಾರ್ಮೋನು ಅರ್ಧಕ್ಕಿಳಿದಿತ್ತು. ಇನ್ನೂ ಕೆಲವು ತಿಂಗಳಿಗೆ ಪೂರ್ತಿ ಇಳಿಯಿತು. "ಔಷಧಿ ಹಿಡೀತು," ಎಂದರು ಡಾಕ್ಟರಮ್ಮ.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವಳು ಕೇಳಿದಳು, "ಅಲ್ಲಾರೀ, ಸಿಟ್ಟು ತಲೆಗೇರಿ ನಿಮ್ಮನ್ನ ನಿಜವಾಗ್ಲೂ ಮನೆಯಿಂದ ಓಡಿಸಿದ್ದಿದ್ರೆ?"

"ಅಂಗಡೀಲಿ ಮಲಗ್ತಿದ್ದೆ."

ಗಡ್ಡೆ ತನ್ನದೆಂದು ಕೇಳಿದ ದಿನದಿಂದ, ಅವಳನ್ನು ಕೊಲ್ಲುತ್ತಿರುವವನು ತಾನೇ ಎಂದು ನಂಬಿಕೊಂಡಿದ್ದನ್ನು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.