ಶೀನನ ಸುರಂಗ

"ಇದೇ ನೋಡು, ಇದೇ!" ಶೀನ ಕೂಗುವಷ್ಟರಲ್ಲಿ ರೈಲು ಕತ್ತಲೊಳಗೆ ನುಗ್ಗಿತು. ಕಿಟಕಿಯ ಪಕ್ಕದಲ್ಲಿದ್ದ ಅವನ ಹೆಂಡತಿ ಕುಶಲಾ ಸರಳುಗಳ ನಡುವೆ ಕೈ ಚಾಚಿದಳು. ಬೆಳಕು ಬಂದ ಮೇಲೆ ಅಂಗೈ ತೋರಿಸಿದಳು. ಒದ್ದೆಯಾಗಿರಲಿಲ್ಲ.

"ಎಲ್ಲಿ ಉಂಟು ನಿಮ್ಮ ಮಳೆ?"

೧೯೮೪ರ ಏಪ್ರಿಲ್. ಬೆಂಗಳೂರಿನಲ್ಲಿ ನೆಂಟರ ಮದುವೆ ಮುಗಿಸಿ ಇಬ್ಬರೂ ಪಡುಬಿದ್ರಿಗೆ ಮರಳುತ್ತಿದ್ದರು. ಮಂಗಳೂರಿನವರೆಗೆ ರೈಲು, ಅಲ್ಲಿಂದ ಬಸ್ಸು. ಹೋಗುವಾಗ ಘಟ್ಟ ಕತ್ತಲಲ್ಲೇ ದಾಟಿಹೋಗಿತ್ತು. ಈಗ ಸಕಲೇಶಪುರ ಕಳೆದು ಬೆಳಕು ಹರಿದಿತ್ತು. ಸೇತುವೆಗಳ ಕೆಳಗೆ ಕಾಡು, ಕಣಿವೆಯ ತುಂಬ ಮಂಜು.

ಈ ಹಳಿ ಹಾಕುವಾಗ ಶೀನ ಎರಡು ವರ್ಷ ಇಲ್ಲಿ ಗಾರೆ ಕೆಲಸಕ್ಕಿದ್ದ. ಊರಿಗೆ ಬಂದಾಗಲೆಲ್ಲ ಅಂಗಿಗಳಲ್ಲಿ ಬೂಷ್ಟಿನ ಕಪ್ಪು ಚುಕ್ಕೆ. "ನಮ್ಮ ಸುರಂಗದೊಳಗೆ ಬೇಸಗೆಯಲ್ಲೂ ಮಳೆ" ಎಂದರೆ ಕುಶಲಾ ನಂಬಲಿಲ್ಲ. ಬಟ್ಟೆ ಒಗೆಯದ ಸೋಮಾರಿ ಕಟ್ಟಿದ ಕತೆ ಎಂದು ನೆರೆಹೊರೆಯನ್ನೆಲ್ಲ ನಗಿಸಿದ್ದಳು.

ಎದುರು ಸೀಟಿನಲ್ಲಿ ಶಿರ್ವದ ಅಪೊಲೋನಿಯಾ ಬಾಯಿ ಜಪಮಾಲೆಯ ಮಣಿ ಸರಿಸುತ್ತ ಸುರಂಗಗಳನ್ನು ಎಣಿಸುತ್ತಿದ್ದರು.

"ಮೂವತ್ತೊಂದು. ಸ್ವಂತ ಸುರಂಗ ಕಳೆದುಕೊಂಡವರನ್ನು ಈಗಲೇ ನೋಡಿದ್ದು ಮಾರಾಯ್ರೇ!"

"ಆಗ ನಡೆದುಕೊಂಡೇ ಬರುವುದು ಬಾಯಮ್ಮ. ರೈಲಿನಿಂದ ಯಾರು ನೋಡಿದ್ದಾರೆ?"

ಇನ್ನೂ ಎರಡು ಬಾರಿ "ಇದೇ" ಎಂದ. ಎರಡೂ ಒಣ ಸುರಂಗಗಳು. ಆಮೇಲೆ ಶೀನ ಕಿಟಕಿಯತ್ತ ನೋಡುವುದನ್ನೇ ಬಿಟ್ಟ. ಕುಶಲಾ ಮದುವೆಮನೆಯ ಪೊಟ್ಟಣ ಬಿಚ್ಚಿ ಅವನ ಕೈಗೊಂದು ಲಾಡು ಇಟ್ಟಳು.

"ತಿನ್ನಿ. ಸುಳ್ಳು ಹೇಳಿ ಹೇಳಿ ಹಸಿವಾಗಿರಬಹುದು."

ಮತ್ತೆ ಕತ್ತಲಾಯಿತು. ಮೊದಲು ಒಂದು ಹನಿ. ಮರುಕ್ಷಣ ಕಿಟಕಿಯಿಂದ ನೀರು ಎರಚಿದಂತೆ ರಾಚಿತು. "ಜೆಜು!" ಎಂದು ಯೇಸುವನ್ನು ಕರೆದು ಅಪೊಲೋನಿಯಾ ಬಾಯಿ ಕಿರುಚಿದರು.

ಬೆಳಕಿಗೆ ಬಂದಾಗ ಕುಶಲಾಳ ಮುಖ, ಸೆರಗು, ಪೊಟ್ಟಣ ಎಲ್ಲವೂ ಒದ್ದೆ. ಶೀನ ಲಾಡು ಜಗಿಯುತ್ತಿದ್ದ, ನಗು ತಡೆಯಲಾಗದೆ ಭುಜ ಕುಲುಕುತ್ತಿತ್ತು.

"ಎಂತ ನಗುವುದು? ನೋಡುವ, ಮುಂದಿನದರಲ್ಲೂ ಹೀಗೆಯೋ ಅಂತ," ಎಂದಳು ಕುಶಲಾ.

ಮುಂದಿನದರಲ್ಲಿ ಮೊಣಕೈವರೆಗೂ ಚಾಚಿದಳು. ಒಂದು ಹನಿಯೂ ಬೀಳಲಿಲ್ಲ.

"ಎರಡು ವರ್ಷ ಆ ಮಳೆಯೊಳಗೇ ಇದ್ದದ್ದಾ?"

"ಅದರೊಳಗೇ."

ಕುಶಲಾ ಕೆನ್ನೆ ಒರೆಸಿಕೊಳ್ಳಲಿಲ್ಲ. ಸೆರಗಿನ ನೆನೆಯದ ತುದಿ ಹುಡುಕಿ, ಅವನ ಅಂಗಿಯ ತೋಳಿನ ಮೇಲೆ ಬಿದ್ದಿದ್ದ ನೀರನ್ನು ಒತ್ತಿ ಒತ್ತಿ ತೆಗೆಯತೊಡಗಿದಳು.