ವರದಮ್ಮನ ಕೊಸರು

ಸಂತೆಯಲ್ಲಿ ತರಕಾರಿ ಮಾರುತ್ತಿದ್ದ ಕಾಲದಲ್ಲಿ ವರದಮ್ಮನ ಕೈಗೆ ಒಳ್ಳೆಯ ಹೆಸರಿತ್ತು. ತಕ್ಕಡಿ ಸಮಕ್ಕೆ ನಿಂತ ಮೇಲೂ ಒಂದು ಹಿಡಿ ಬೀನ್ಸೋ, ಎರಡು ಬದನೆಕಾಯಿಯೋ ಕೊಸರು ಹಾಕದೆ ಅವಳು ಯಾವ ಗಿರಾಕಿಯನ್ನೂ ಕಳಿಸಿದವಳಲ್ಲ. ಮಂಡಿನೋವು ಬಂದು ಸಂತೆ ಬಿಟ್ಟ ಮೇಲೆ ಶಿಕಾರಿಪುರದ ಹೆಂಗಸರ ಸಂಘದ ಪೌಷ್ಟಿಕ ಹಿಟ್ಟಿನ ಘಟಕ ಸೇರಿದಳು. ಮೊಳಕೆ ಕಟ್ಟಿ ಒಣಗಿಸಿದ ರಾಗಿ ಹುರಿಯುವ ಕೆಲಸ. ಕಣ್ಣು ಮಾತ್ರ ಬೆರೆಸುವ ಮೇಜಿನ ಮೇಲೆ. ಹುರಿದದ್ದು, ಬೀಸಿದ್ದು ಎಲ್ಲಾ ಬಂದು ಸೇರುವುದು ಅಲ್ಲೇ ತಾನೇ!

ಆ ಸೋಮವಾರ ಮೇಜು ಅವಳ ಪಾಲಿಗೆ ಬಂತು. ಗುಣಮಟ್ಟ ನೋಡಿಕೊಳ್ಳುವ ಹುಡುಗಿ ಸುಷ್ಮಿತಾ ತೋರಿಸಿಕೊಟ್ಟಳು: ಒಂದು ತೊಟ್ಟಿ ಹಿಟ್ಟಿಗೆ ಕಬ್ಬಿಣಾಂಶ, ಜೀವಸತ್ವಗಳ ಪುಡಿ ಒಂದು ಅಳತೆ ಲೋಟ, ಮಟ್ಟಸವಾಗಿ. ಹೆಂಗಸರ ಬಾಯಲ್ಲಿ ಅದು ಸತ್ವದ ಪುಡಿ.

ತೊಟ್ಟಿಯ ಹಿಟ್ಟು ಸೊರಬದ ಬಸುರಿಯರಿಗೆ ಹೋಗುವಂಥದ್ದು. ವರದಮ್ಮನ ಮಗಳು ನಯನಳನ್ನು ಕೊಟ್ಟಿದ್ದೂ ಸೊರಬಕ್ಕೇ. ಅವಳಿಗೀಗ ಐದು ತಿಂಗಳು. ಒಂದು ಪೊಟ್ಟಣ ಅವಳ ಮನೆಗೂ ಹೋಗುತ್ತದೆ. ವರದಮ್ಮ ಲೋಟ ಮಟ್ಟಸ ಮಾಡಿ ಸುರಿದಳು. ಆಮೇಲೆ ಕೈ ತಾನಾಗಿಯೇ ಡಬ್ಬಿಯೊಳಗೆ ಹೋಯಿತು, ತುಂಬಿ ಬಂತು, ತೊಟ್ಟಿಯ ಮೇಲೆ ಬಿಚ್ಚಿಕೊಂಡಿತು. ಮನಸ್ಸು ತಣ್ಣಗಾಯಿತು.

ಚಹಾ ಹೊತ್ತಿಗೆ ಜೊತೆಗೆ ಕೆಲಸ ಮಾಡುವ ಬಸವಣ್ಣೆಮ್ಮ ಸುಷ್ಮಿತಾಳನ್ನು ಕಿಚಾಯಿಸಿದಳು. "ಏನ್ ಮೇಡಂ, ಸತ್ವದ ಪುಡಿ ಅಂತೀರಿ, ಒಂದೇ ಲೋಟ ಹಾಕಿಸ್ತೀರಿ. ಇಷ್ಟು ಜಿಪುಣತನ ಎಲ್ಲಿ ಕಲಿತ್ರಿ?"

"ಜಿಪುಣತನ ಅಲ್ರೀ ಅಕ್ಕಾ. ಅಳತೆ ಮೀರಿದ್ರೆ ಹೊಟ್ಟೆ ಕೆಡ್ತದೆ, ವಾಂತಿ ಆಗ್ತದೆ. ಅದೂ ಬಸುರಿಯರಿಗೆ!"

ವರದಮ್ಮ ಕುಡಿಯುತ್ತಿದ್ದ ಚಹಾ ಕೆಳಗಿಟ್ಟಳು. ತಾನು ಹಾಕಿದ್ದನ್ನು ಯಾರೂ ನೋಡಿರಲಿಲ್ಲ. ಹೇಳಿದರೆ ಮೇಜು ಹೋಯಿತು, ಮತ್ತೆ ಒಲೆಯೇ ಗತಿ. ನಯನಳ ಪೊಟ್ಟಣವನ್ನಷ್ಟೇ ತಡೆದರೆ ಹೇಗೆ ಎಂದೂ ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೇ ನಾಚಿಕೆಯಾಯಿತು. ಉಳಿದ ಪೊಟ್ಟಣಗಳನ್ನು ಒಡೆಯುವವರೂ ಯಾರೋ ಹೆತ್ತ ಹೆಣ್ಣುಮಕ್ಕಳೇ ಅಲ್ಲವೇ?

"ನಾ ಕೊಸರು ಹಾಕೀನಿ ತಾಯಿ," ಎಂದಳು.

ಸುಷ್ಮಿತಾಗೆ ಅರ್ಥವಾಗಲಿಲ್ಲ. "ಏನ್ ಹಾಕಿದ್ರಿ?"

"ಸತ್ವದ ಪುಡಿ. ಲೋಟದ ಮ್ಯಾಲೆ."

"ಎಷ್ಟು? ಸರಿಯಾಗಿ ಹೇಳಿದ್ರೆ ಅದಕ್ಕೆ ತಕ್ಕಂಗೆ ಹಿಟ್ಟು ಸೇರಿಸಿ ಸರಿ ಮಾಡಬಹುದು."

"ಅಳದು ಹಾಕಿದ್ರೆ ಅದು ಕೊಸರು ಹೆಂಗಾಗ್ತದೆ?"

ಬಸವಣ್ಣೆಮ್ಮನಿಗೆ ನಗು ತಡೆಯಲಾಗಲಿಲ್ಲ. ಸುಷ್ಮಿತಾ ಮಾತ್ರ ತೊಟ್ಟಿಯ ಹಿಟ್ಟನ್ನು ಕೆದಕಿ ನೋಡಿದಳು. ಕೊನೆಗೆ, "ಚೆಲ್ಲಬೇಕು ಅಕ್ಕಾ. ಬೇರೆ ದಾರಿ ಇಲ್ಲ," ಎಂದಳು. ತೊಟ್ಟಿಯ ಹಿಟ್ಟೆಲ್ಲ ಹಿತ್ತಲ ಗೊಬ್ಬರದ ಗುಂಡಿಗೆ ಹೋಯಿತು. ತಾನೇ ಹದವಾಗಿ ಹುರಿದ ರಾಗಿ ಗುಂಡಿಗೆ ಬೀಳುವುದನ್ನು ವರದಮ್ಮ ನಿಂತು ನೋಡಿದಳು. ಯಾರೂ ಬೈಯಲಿಲ್ಲ. ಬಸವಣ್ಣೆಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡು ಹೊಸ ರಾಗಿ ಅಳೆಯುತ್ತಿದ್ದಳು.

"ನಾಳಿಂದ ಒಲಿ ಮುಂದ ಕೂರ್ತೀನಿ ಬಿಡು," ಎಂದಳು ವರದಮ್ಮ, ಯಾರ ಮುಖವನ್ನೂ ನೋಡದೆ.

"ಯಾಕೆ? ಬಾಯಿಬಿಟ್ಟು ಹೇಳೋರು ಈ ಮೇಜಿಗೆ ಬೇಕು. ಹೇಳದೇ ಇರೋರನ್ನ ಇಲ್ಲಿ ಕೂರಿಸೋಕೆ ನಂಗೆ ಭಯ," ಎಂದು ಸುಷ್ಮಿತಾ ಅಳತೆ ಲೋಟವನ್ನು ಅವಳ ಕೈಗೇ ಇಟ್ಟಳು.

ಸಂಜೆಯ ಹೊತ್ತಿಗೆ ಹೊಸ ತೊಟ್ಟಿ ತುಂಬಿತು. ವರದಮ್ಮ ಲೋಟ ಮಟ್ಟಸ ಮಾಡಿ ಸುರಿದಳು, ಡಬ್ಬಿ ಮುಚ್ಚಿದಳು. ಬೆರೆಸಿದಳು, ಜರಡಿ ಹಿಡಿದಳು. ಆದರೂ ಕೈ ಸುಮ್ಮನಿರಲೊಲ್ಲದು. ಮೇಜಿನ ಮೇಲೆ ಅತ್ತಿತ್ತ ತಡಕಾಡಿ ಮತ್ತೆ ಜರಡಿಯನ್ನೇ ಎತ್ತಿಕೊಂಡಿತು.

"ಅಕ್ಕಾ, ಜರಡಿ ಆಯ್ತಲ್ರೀ! ಗಾಡಿ ಕಾಯ್ತಾ ಐತೆ," ಎಂದಳು ಸುಷ್ಮಿತಾ.

"ಇರು ತಾಯಿ, ಇದು ಕೊಸರು," ಎಂದು ವರದಮ್ಮ ಅದೇ ಹಿಟ್ಟನ್ನು ಇನ್ನೊಂದು ಸಲ ಜರಡಿ ಹಿಡಿಯತೊಡಗಿದಳು.